ಕಾಫ್ ಸ್ಲೈಸರ್ ಹಾಕೋದ್ ಹೆಂಗೆ, ಬಿಡಿಸ್ಕೊಳ್ಳೋದ್ ಹೆಂಗೆ

ಬಳ್ಳಾರಿ ಕಡೆ ಗರಡಿ ಕುಸ್ತಿ ಆಡಿ ಜಿಯು ಜಿಟ್ಸುಗೆ (ನೆಲದ ಮ್ಯಾಲೆ ಪಟ್ಟು ಹಾಕಿ ಸೋಲೊಪ್ಪಿಸೋ ಆಟ) ಬರೋ ಹುಡುಗ್ರಿಗೆ ಇದು ಹೇಳ್ಲೇಬೇಕು, ಬೆನ್ನು ಮಣ್ಣಿಗೆ ತಾಗ್ಬಾರ್ದು ಅಂತ ಬೋರಲಾಗಿ ಮೊಣಕಾಲು ಮಡಚ್ಕೊಂಡು ಕೂರ್ತೀರಲ್ಲ, ಕಾಫ್ ಸ್ಲೈಸರ್ ಅನ್ನೋ ಈ ಮೀನಖಂಡ ಒತ್ತೋ ಪಟ್ಟು ಹಾಕೋನಿಗೆ ಬೇಕಾಗಿರೋದು ಅದೇ.

ಎದುರಾಳಿಯ ಮೊಣಕಾಲಿನ ಹಿಂದಿನ ಸಂದಿಗೆ ನಿಮ್ಮ ಶಿನ್ ಎಲುಬು (ಮೊಣಕಾಲಿನ ಕೆಳಗಿನ ಮುಂಗಾಲಿನ ಎಲುಬು) ಅಡ್ಡ ತೂರಿಸ್ರಿ, ಇನ್ನೊಂದು ಕಾಲಿಂದ ಅವನ ಕಾಲು ಬಿಚ್ಚದಂಗೆ ಲಾಕ್ ಮಾಡ್ರಿ, ಆಮೇಲೆ ಎರಡೂ ಕೈಲಿ ಪಾದ ಹಿಡಿದು ಅವನ ಕುಂಡಿ ಕಡೆ ನಿಧಾನ ಎಳೀರಿ, ಮೀನಖಂಡ ನಿಮ್ಮ ಎಲುಬಿಗೆ ಒತ್ತಿ ಅಡಕತ್ತರಿಯಾಗೆ ಸಿಕ್ಕಂಗಾಗ್ತದ. ಎಲುಬಿಗೂ ಮೊಣಕಾಲಿಗೂ ಗ್ಯಾಪ್ ಇದ್ರೆ ಎಷ್ಟ್ ಎಳೆದ್ರೂ ವೇಸ್ಟ್. ಬ್ರೆಜಿಲ್ ಫೈಟರ್ ಚಾರ್ಲ್ಸ್ ಒಲಿವೇರಾ 2012ರಾಗೆ ಯುಎಫ್‌ಸಿ (ಮಿಶ್ರ ಸಮರಕಲೆ ಪಂದ್ಯಾಟ) ಫೈಟ್ ಒಂದನ್ನ ಗೆದ್ದಿದ್ದು ಇದರಿಂದ್ಲೇ.

ನಿಮಗೇ ಬಿತ್ತು ಅಂದ್ರೆ, ಶಿನ್ ಒಳಗ ಬರೋವಾಗ್ಲೇ ಕಾಲು ನೆಟ್ಟಗ ಚಾಚ್ಬಿಡ್ರಿ, ಚಾಚಿದ ಕಾಲಿಗೆ ಇದು ನಡೆಯಲ್ಲ. ಲಾಕ್ ಬಿದ್ದೋಗಿದ್ರೆ ಪಾದಕ್ಕೆ ಬರೋ ಕೈ ಬಿಡಿಸ್ರಿ, ದೂರ ಜಗ್ಗದೆ ಅವನ ಕಡೆನೇ ತಿರುಗಿ ಮೇಲೇರ್ರಿ. ಪಾದ ಸಿಕ್ಕು ಬಿಗಿಯಾದ್ರೆ ತಕ್ಷಣ ಟ್ಯಾಪ್ ಮಾಡ್ರಿ (ಕೈ ತಟ್ಟಿ ಸೋಲೊಪ್ಪಿ), ಬರೀ ಮಾಂಸ ನೋಯ್ತದ ಅಂತ ತಡ್ಕೋಬ್ಯಾಡ್ರಿ, ಮೊಣಕಾಲಿನ ಲಿಗಮೆಂಟೂ ಹೋಗಬಹುದು. ಜಿಯು ಜಿಟ್ಸು ಸ್ಪರ್ಧೆ ನಡೆಸೋ ಐಬಿಜೆಜೆಎಫ್ ಸಂಸ್ಥೆ ರೂಲ್ಸಲ್ಲೂ ಈ ಪಟ್ಟನ್ನ ಮೇಲಿನ ದರ್ಜೆಯ ಬ್ರೌನ್, ಬ್ಲ್ಯಾಕ್ ಬೆಲ್ಟಿನೋರಿಗೆ ಮಾತ್ರ ಬಿಟ್ಟವ್ರೆ.