ಮಗಳ ಒಂದು ಪ್ರಶ್ನೆ, ನನ್ನ ತೌಹೀದ್ ನೋಟ್‌ಬುಕ್: ನನ್ನ ಅನುಭವ

ನನ್ನ ಮಗಳು ಮೂರನೇ ತರಗತಿ, ಕನ್ನಡ ಮಾಧ್ಯಮ. ಒಂದು ಸಂಜೆ ಕಲಿಮಾ, ಅಂದರೆ ನಮ್ಮ ನಂಬಿಕೆಯ ಮೂಲ ಮಾತಾದ "ಲಾ ಇಲಾಹ ಇಲ್ಲಲ್ಲಾಹ್" ಬಾಯಿಪಾಠ ಮಾಡುತ್ತಿದ್ದವಳು ನಡುವೆ ನಿಲ್ಲಿಸಿ ಕೇಳಿದಳು: "ಅಬ್ಬಾ, ಇಲ್ಲಲ್ಲಾಹ್ ಅಂದ್ರೆ ಅಲ್ಲಾಹ್ ಇಲ್ಲ ಅಂತಾನಾ?"

ನನ್ನ ಎದೆ ಧಸಕ್ ಅಂದಿತು. ಅವಳ ತಪ್ಪೇನೂ ಇಲ್ಲ, ಕನ್ನಡದ ಕಿವಿಗೆ ಅದು ಹಾಗೇ ಕೇಳುತ್ತದೆ, ಅಲ್ವಾ? ನನಗೆ ಗಾಬರಿಯಾಗಿದ್ದು ಬೇರೆ ಕಾರಣಕ್ಕೆ. ಆ ಮಾತನ್ನು ನಲವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ಒಂದೊಂದು ಪದದ ಅರ್ಥ ಕೇಳಿದರೆ ನನಗೂ ಗೊತ್ತಿರಲಿಲ್ಲ. ಅಲ್ಲಾಹ್ ಒಬ್ಬನೇ ಅನ್ನುವ ನಂಬಿಕೆಗೆ ತೌಹೀದ್ ಅನ್ನುತ್ತಾರೆ, ಅದು ಒಟ್ಟಾರೆ ಗೊತ್ತು, ಅಷ್ಟೇ.

ನಮ್ಮದು ಬ್ಯಾಡಗಿ, ಮೆಣಸಿನಕಾಯಿ ವ್ಯಾಪಾರ. ಬೆಳಗಿನ ಜಾವದ ಫಜರ್ ನಮಾಜ್ ಮುಗಿಸಿ ಅಂಗಡಿ ತೆಗೆಯುವ ತನಕ ಸ್ವಲ್ಪ ಬಿಡುವು ಇರುತ್ತದೆ. ಮರುದಿನವೇ ಒಂದು ನೋಟ್‌ಬುಕ್ ತಂದೆ. ಎಡಕ್ಕೆ ಅರಬಿ ಪದ, ಬಲಕ್ಕೆ ಕನ್ನಡ. ದಿನಕ್ಕೆ ಒಂದೇ ಪದ, ಜಾಸ್ತಿ ಬೇಡ. ಮನೆಯಲ್ಲಿ ಮಾತಾಡುವ ಉರ್ದುವಿನಲ್ಲೇ ಬರೆಯಬಹುದಿತ್ತು, ಆದರೆ ಅದರಲ್ಲಿ ಎಷ್ಟೋ ಪದಗಳು ಅರಬಿಯಿಂದಲೇ ಬಂದಿವೆ, ಓದಿದ ಕೂಡಲೇ ಅರ್ಥ ಆದಂತೆ ಅನಿಸಿಬಿಡುತ್ತದೆ, ನಿಜಕ್ಕೂ ಆಗಿರುವುದಿಲ್ಲ. ಕನ್ನಡದಲ್ಲಿ ಬರೆಯಬೇಕಾದರೆ ತಿಳಿದುಕೊಳ್ಳಲೇಬೇಕು.

ಮಗಳ ಪ್ರಶ್ನೆಯಿಂದಲೇ ಶುರು ಮಾಡಿದೆ. ಕಲಿಮಾದಲ್ಲಿ "ಇಲ್ಲ" ಅನ್ನುವ ಅರ್ಥ ಬರುವುದು "ಲಾ" ಎಂಬ ಮೊದಲ ಪದದಲ್ಲಿ. ಅವಳು ಕೇಳಿದ "ಇಲ್ಲಾ" ಅಂದರೆ "ಹೊರತು". ಅಲ್ಲಾಹನ ಹೊರತು ಆರಾಧನೆಗೆ ಅರ್ಹರು ಯಾರೂ ಇಲ್ಲ. ಮೊದಲು ಎಲ್ಲವನ್ನೂ ತೆಗೆದುಬಿಟ್ಟು, ಆಮೇಲೆ ಒಬ್ಬನನ್ನು ಉಳಿಸಿಕೊಳ್ಳುವ ಮಾತು ಅದು. ದೇವರಿದ್ದಾನೆ ಅಂತ ಒಪ್ಪಿದರೆ ತೌಹೀದ್ ಆಯಿತು ಅಂತ ನಾನು ಅಂದುಕೊಂಡಿದ್ದೆ. ಆದರೆ ಮಕ್ಕಾದಲ್ಲಿ ಪ್ರವಾದಿ ಮುಹಮ್ಮದರನ್ನು ವಿರೋಧಿಸಿದವರೂ ಭೂಮಿ ಆಕಾಶ ಸೃಷ್ಟಿಸಿದವನು ಅಲ್ಲಾಹ್ ಅಂತಲೇ ಹೇಳುತ್ತಿದ್ದರು, ಕುರ್‌ಆನ್‌ನಲ್ಲೇ ಅದು ಬರುತ್ತದೆ. ಅವರ ತಕರಾರು ಇದ್ದದ್ದು ಅವನೊಬ್ಬನನ್ನೇ ಆರಾಧಿಸಬೇಕು ಅನ್ನುವುದಕ್ಕೆ.

ಆಮೇಲೆ ಸೂರಾ ಇಖ್ಲಾಸ್. ಕುರ್‌ಆನ್‌ನ 112ನೇ ಅಧ್ಯಾಯ, ನಾಲ್ಕೇ ನಾಲ್ಕು ವಾಕ್ಯ. "ಅಹದ್" ಬೇಗ ಆಯಿತು: ಎರಡನೆಯದೇ ಇಲ್ಲದ ಒಂದು. "ಸಮದ್" ಹತ್ತಿರ ಬಂದು ಸಿಕ್ಕಿಕೊಂಡೆ. ಯಾರ ಅಗತ್ಯವೂ ಅವನಿಗಿಲ್ಲ, ಎಲ್ಲರಿಗೂ ಅವನ ಅಗತ್ಯವಿದೆ, ಇಷ್ಟೂ ಆ ಒಂದು ಪದದಲ್ಲಿದೆ. ನಿರಪೇಕ್ಷ ಅಂತ ಬರೆದೆ, ಮಗಳಿಗೆ ತಿಳಿಯಲಿಲ್ಲ. ನಾಲ್ಕು ದಿನ ಅದೇ ಪುಟ. ಐದನೇ ದಿನ ಅಮ್ಮ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಯಾರದೋ ಸಾಲದ ಮಾತು ತೆಗೆದು, "ಯಾರ ಹಂಗಿನಾಗೂ ಇರಬಾರ್ದಪಾ" ಅಂದರು. ಹಂಗು! ಯಾರ ಹಂಗೂ ಇಲ್ಲದವನು, ಎಲ್ಲರೂ ಯಾರ ಹಂಗಿನಲ್ಲಿದ್ದಾರೋ ಅವನು. ಆಗಲೇ ಬರೆದುಕೊಂಡೆ.

ಆ ಪದ ನನ್ನನ್ನು ಸುಮ್ನೆ ಬಿಡಲಿಲ್ಲ. ಆ ವರ್ಷ ಮಾಲು ಕೋಲ್ಡ್ ಸ್ಟೋರೇಜ್‌ನಲ್ಲಿತ್ತು, ರೇಟು ಬಿದ್ದಿತ್ತು, ದುಡ್ಡು ಕೊಡಬೇಕಾದ ದೊಡ್ಡ ಖರೀದಿದಾರರೊಬ್ಬರ ಫೋನಿಗೆ ಕಾಯುತ್ತಾ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವರ ಮುಖ ಗಂಟಾದರೆ ನನಗೆ ಊಟ ಸೇರುತ್ತಿರಲಿಲ್ಲ. ನಮಾಜಿನಲ್ಲಿ ನಿಂತಾಗಲೂ ಅದೇ ಯೋಚನೆ. ಬಾಯಲ್ಲಿ ಮಾತ್ರ ಕುರ್‌ಆನ್‌ನ ಮೊದಲ ಅಧ್ಯಾಯ ಫಾತಿಹಾ, "ಇಯ್ಯಾಕ ನಅಬುದು ವ ಇಯ್ಯಾಕ ನಸ್ತಈನ್". ಅರಬಿಯಲ್ಲಿ "ನಿನ್ನನ್ನು" ಅನ್ನುವ "ಇಯ್ಯಾಕ" ಮೊದಲು ಬಂದಿರುವುದರಿಂದಲೇ ಅದಕ್ಕೆ ಒತ್ತು. ಕನ್ನಡದಲ್ಲಿ ಆ ಕೆಲಸವನ್ನು ಒಂದು ಏಕಾರ ಮಾಡುತ್ತದೆ: ನಿನ್ನನ್ನೇ ಆರಾಧಿಸುತ್ತೇವೆ, ನಿನ್ನಿಂದಲೇ ನೆರವು ಬೇಡುತ್ತೇವೆ. ದಿನದ ಐದು ಹೊತ್ತಿನ ಫರ್ಝ್, ಅಂದರೆ ಕಡ್ಡಾಯ, ನಮಾಜುಗಳಲ್ಲಿ 17 ರಕಾತ್, ಅಂದರೆ ನಮಾಜಿನ ಸುತ್ತುಗಳು, ಒಂದೊಂದರಲ್ಲೂ ಫಾತಿಹಾ. ಅಂದರೆ ದಿನಕ್ಕೆ 17 ಸಲ "ನಿನ್ನಿಂದಲೇ" ಅಂತ ಹೇಳಿ, ಸಲಾಂ ಹೇಳಿ ಮುಗಿಸಿದ ಕೂಡಲೇ ಆ ಫೋನ್ ನೋಡುತ್ತಿದ್ದೆ. ಇದು ಗೊತ್ತಾದ ದಿನ ಅಂಗಳದಲ್ಲಿ ಒಬ್ಬನೇ ಕೂತು ಅತ್ತೆ. ವ್ಯಾಪಾರ ಬಿಡಲಿಲ್ಲ, ದುಡ್ಡು ಕೇಳುವುದನ್ನೂ ಬಿಡಲಿಲ್ಲ. ಆದರೆ ಅವರ ಹತ್ತಿರ ಹೋಗಿ ಕೂತಾಗ ಬೆನ್ನು ನೆಟ್ಟಗೆ ಇಟ್ಟುಕೊಂಡು ಮಾತಾಡಲು ಬಂತು.

ದರ್ಗಾದ ವಿಷಯ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಅಲ್ಲಿ ಹೋಗುವ ಬಗ್ಗೆ ಮುಸ್ಲಿಮರಲ್ಲೇ ಬೇರೆ ಬೇರೆ ಅಭಿಪ್ರಾಯ ಇವೆ, ಆ ವಾದಕ್ಕೆ ನಾನು ಇಳಿಯುವುದಿಲ್ಲ. ನನಗೆ ದಾರಿ ತೋರಿಸಿದ್ದು ಒಂದು ಘಟನೆ. 632ರಲ್ಲಿ ಪ್ರವಾದಿಯವರು ತೀರಿಕೊಂಡಾಗ ಜನ ದುಃಖದಲ್ಲಿ ನಂಬಲಾಗದೆ ನಿಂತಿದ್ದರು. ಆಗ ಅವರ ಆಪ್ತ ಗೆಳೆಯ ಹಝ್ರತ್ ಅಬೂಬಕರ್ ಎದ್ದು, ಮುಹಮ್ಮದರನ್ನು ಆರಾಧಿಸುತ್ತಿದ್ದವರಿಗೆ ತಿಳಿದಿರಲಿ, ಅವರು ತೀರಿಕೊಂಡಿದ್ದಾರೆ, ಅಲ್ಲಾಹನನ್ನು ಆರಾಧಿಸುವವರಿಗೆ ತಿಳಿದಿರಲಿ, ಅವನು ಜೀವಂತ, ಅವನಿಗೆ ಸಾವಿಲ್ಲ ಅಂದರು. ಪ್ರಾಣಕ್ಕಿಂತ ಪ್ರೀತಿಸಿದ ಗೆಳೆಯ ಹೋದ ಹೊತ್ತಿನಲ್ಲಿ ಈ ಮಾತು! ಈಗ ನಾನು ದರ್ಗಾಕ್ಕೆ ಹೋದರೆ ಸಲಾಂ ಹೇಳುತ್ತೇನೆ, ಅಲ್ಲಿ ಮಲಗಿರುವವರಿಗಾಗಿ ದುಆ ಮಾಡುತ್ತೇನೆ, ಬೇಡುವುದನ್ನು ಮಾತ್ರ ಅಲ್ಲಾಹನಲ್ಲೇ ಬೇಡುತ್ತೇನೆ.

ಸದ್ಯ ನಾನೂ ಮಗಳೂ "ರಬ್ಬ್" ಪದದಲ್ಲಿದ್ದೇವೆ. ಒಡೆಯ ಅಂತ ನಾನು ಬರೆದೆ. ಅದರಲ್ಲಿ ಸಾಕಿ ಬೆಳೆಸುವ ಅರ್ಥವೂ ಇದೆ ಅಂತ ವಿವರಿಸಿದ್ದಕ್ಕೆ, ಒಡೆಯ ಅಂದ್ರೆ ಅದು ಬರಲ್ಲ ಅಂದಳು. ಪೆನ್ಸಿಲ್ ತಗೊಂಡು ಪಕ್ಕದಲ್ಲೇ "ಸಾಕುವವನು" ಅಂತ ಬರೆದಳು. ಎರಡನ್ನೂ ಹಾಗೇ ಇಟ್ಟಿದ್ದೇವೆ.