ಇನ್ನೂರು ಯೂನಿಟ್ಟಿನ ಗೆರೆಯೊಳಗೆ: ಸುಖ ಬಿಡದೆ ಮನೆಖರ್ಚು ಇಳಿಸುವುದು ಹೇಗೆ?

ಮನೆಖರ್ಚು ಇಳಿಸಬೇಕು ಎಂದಾಗ ಮೊದಲು ಬೈಸಿಕೊಳ್ಳುವವರು ಮಕ್ಕಳು: ‘ಲೈಟ್ ಆರಿಸದೆ ಬಂದ್ಯಾ?’ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ರಾತ್ರಿಯಿಡೀ ಹನ್ನೆರಡು ಗಂಟೆ ಸುಮ್ಮನೆ ಉರಿದರೂ ಒಂದು ಯೂನಿಟ್ಟಿನ ಹತ್ತನೇ ಪಾಲು ಖರ್ಚಾಗುತ್ತದೆ. ಎಪ್ಪತ್ತು ಪೈಸೆಯ ಮಾತು. ಅದೇ ಮನೆಯ ಎರಡು ಕಿಲೋವ್ಯಾಟಿನ ಗೀಸರ್ ಇಪ್ಪತ್ತು ನಿಮಿಷ ಕಾದರೆ ಅದರ ಆರು ಪಟ್ಟಿಗಿಂತ ಹೆಚ್ಚು ಎಳೆದಿರುತ್ತದೆ. ನೀರು ಬಿಸಿ ಮಾಡುವುದು, ಅಡುಗೆ ಬೇಯಿಸುವುದು, ಫ್ರಿಜ್‌ನಲ್ಲಿ ತಣ್ಣಗಿಡುವುದು, ದಿನವಿಡೀ ತಿರುಗುವ ಹಳೆಯ ಫ್ಯಾನ್: ಬಹುಪಾಲು ದುಡ್ಡು ಹೋಗುವ ದಾರಿ ಇವೇ. ಇವನ್ನು ಸರಿಪಡಿಸಿದರೆ ಸೆಕೆಯಲ್ಲಿ ಬೇಯುವುದೂ ಬೇಡ, ತಣ್ಣೀರು ಮೈಮೇಲೆ ಸುರಿದುಕೊಳ್ಳುವುದೂ ಬೇಡ.

ಮೊದಲ ಕೆಲಸ: ಮೀಟರ್ ಓದುವುದು

ಗೃಹಜ್ಯೋತಿ ಬಂದ ಮೇಲೆ ಕರ್ನಾಟಕದ ಮನೆಗಳಿಗೆ ಈ ಕೆಲಸ ಇನ್ನಷ್ಟು ಮುಖ್ಯವಾಗಿದೆ. 2022-23ರ ನಿಮ್ಮ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ದಾಟಿ 200ರೊಳಗೆ ನಿಂತರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಉದಾಹರಣೆಗೆ ಸರಾಸರಿ 150 ಇದ್ದ ಮನೆಗೆ 165 ಯೂನಿಟ್ ಉಚಿತ. ಆ ಮನೆ 195 ಬಳಸಿದರೆ 30 ಯೂನಿಟ್ಟಿಗೆ ಸುಮಾರು ₹200 ಕಟ್ಟುತ್ತದೆ; 205 ಬಳಸಿದರೆ ₹1,300 ಮೀರುತ್ತದೆ, ಮೇಲೆ ನಿಗದಿತ ಶುಲ್ಕ ಬೇರೆ. ಹತ್ತು ಯೂನಿಟ್ಟಿನ ಅಂತರಕ್ಕೆ ಸಾವಿರಕ್ಕೂ ಮಿಕ್ಕಿದ ದಂಡ! (2025-26ರಲ್ಲಿ ಯೂನಿಟ್ಟಿಗೆ ₹5.80; ಸರ್‌ಚಾರ್ಜು, ತೆರಿಗೆ ಸೇರಿದರೆ ಹತ್ತಿರ ಹತ್ತಿರ ₹6.70. ಮುಂದಿನ ಲೆಕ್ಕಗಳೆಲ್ಲ ಈ ದರದಲ್ಲಿವೆ.)

ಬಿಲ್ಲಿನಲ್ಲಿ ಮೀಟರ್ ಓದಿದ ದಿನಾಂಕ ಮತ್ತು ಅಂದಿನ ರೀಡಿಂಗ್ ಇರುತ್ತದೆ. ಡಿಜಿಟಲ್ ಮೀಟರಿನ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬರುತ್ತವೆ; ವೋಲ್ಟೇಜ್, ಕರೆಂಟ್ ಬಿಟ್ಟು ‘ಕೆಡಬ್ಲ್ಯುಎಚ್’ (kWh, ಅಂದರೆ ಯೂನಿಟ್) ಎಂದು ತೋರಿಸುವ ಅಂಕಿಯನ್ನು ಬರೆದುಕೊಳ್ಳಿ. ಅದರಿಂದ ಬಿಲ್ಲಿನ ರೀಡಿಂಗ್ ಕಳೆದು, ಆದ ದಿನಗಳಿಂದ ಭಾಗಿಸಿ. ದಿನಕ್ಕೆ 6.6 ಯೂನಿಟ್ಟಿನೊಳಗಿದ್ದರೆ ತಿಂಗಳಿಗೆ 200ರ ಒಳಗೆ. ಹತ್ತನೇ ದಿನ 66 ದಾಟಿದೆಯೆಂದರೆ ಇನ್ನೂ ಇಪ್ಪತ್ತು ದಿನ ಕೈಯಲ್ಲಿದೆ, ತಿದ್ದಿಕೊಳ್ಳಬಹುದು. ಬಿಲ್ಲು ಬಂದ ಮೇಲೆ ಹುಡುಕುವುದರಿಂದ ಏನೂ ಸಿಗದು.

ಯಾವ ಸಾಮಾನು ಎಷ್ಟು ತಿನ್ನುತ್ತದೆ ಎಂದು ತಿಳಿಯಲು ಬೇರೆ ಯಂತ್ರ ಬೇಕಿಲ್ಲ. ಮೀಟರಿನ ಮೇಲೆ ಮಿನುಗುವ ಕೆಂಪು ದೀಪವೇ ಸಾಕು. ಒಂದು ಯೂನಿಟ್ಟಿಗೆ ಎಷ್ಟು ಸಲ ಮಿನುಗುತ್ತದೆ ಎಂಬುದು ಮೀಟರಿನ ಮೇಲೇ ಬರೆದಿರುತ್ತದೆ, 1600, 3200 ಹೀಗೆ. ಉಳಿದದ್ದೆಲ್ಲ ಆರಿಸಿ, ಬೇಕಾದ್ದೊಂದನ್ನೇ ಹಾಕಿ, ಒಂದು ನಿಮಿಷ ಎಣಿಸಿ. 3200ರ ಮೀಟರ್ ನಿಮಿಷಕ್ಕೆ 4 ಸಲ ಮಿನುಗಿದರೆ 75 ವ್ಯಾಟ್, 10 ಸಲ ಮಿನುಗಿದರೆ ಸುಮಾರು 190 ವ್ಯಾಟ್. ಎಲ್ಲ ಆರಿಸಿ, ಫ್ರಿಜ್ ಪ್ಲಗ್ಗೂ ಕಿತ್ತ ಮೇಲೂ ದೀಪ ಮಿನುಗುತ್ತಿದ್ದರೆ ಎಲ್ಲೋ ಏನೋ ಓಡುತ್ತಿದೆ, ಇಲ್ಲವೇ ವೈರಿಂಗಿನಲ್ಲಿ ಸೋರಿಕೆಯಿದೆ. ಎಲೆಕ್ಟ್ರಿಷಿಯನ್ನನ್ನು ಅಂದೇ ಕರೆಸಿ. ಅದು ದುಡ್ಡಿನ ಪ್ರಶ್ನೆಯಷ್ಟೇ ಅಲ್ಲ, ಶಾಕ್ ಹೊಡೆಯುವ ಅಪಾಯವೂ ಇದೆ.

ಬಾಡಿಗೆ ಮನೆ ಬದಲಿಸುವವರಿಗೆ ಒಂದು ಮಾತು: ಹಳೆಯ ಮನೆಯ ಆರ್‌ಆರ್ ಸಂಖ್ಯೆಯಿಂದ (ಬಿಲ್ಲಿನ ಮೇಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಬಿಡಿಸಿಕೊಳ್ಳದೆ ಹೊಸ ಮನೆಗೆ ಗೃಹಜ್ಯೋತಿ ಸಿಗುವುದಿಲ್ಲ. ಸಾಮಾನು ಸಾಗಿಸುವ ವಾರವೇ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಇದನ್ನು ಮುಗಿಸಿಬಿಡಿ.

ಬಚ್ಚಲುಮನೆ

ಸ್ನಾನಕ್ಕೆ ಬೇಕಾಗುವುದು 40 ಡಿಗ್ರಿಯ ನೀರು. ತೊಟ್ಟಿಯ ನೀರು 24 ಡಿಗ್ರಿ ಇದ್ದರೆ 17 ಲೀಟರಿನ ಒಂದು ಬಕೆಟ್ಟಿಗೆ ಮೂರನೇ ಒಂದು ಯೂನಿಟ್ ಸಾಕು. ನಾಲ್ಕು ಜನಕ್ಕೆ ದಿನಕ್ಕೆ 1.3, ತಿಂಗಳಿಗೆ ನಲವತ್ತರ ಒಳಗೆ. ಆದರೂ ಎಷ್ಟೋ ಮನೆಗಳಲ್ಲಿ ಗೀಸರ್ ಒಂದೇ ಎಪ್ಪತ್ತು ಎಂಬತ್ತು ಯೂನಿಟ್ ಎಳೆಯುತ್ತದೆ. ಅದಕ್ಕೆ ಕಾರಣ ಮೂರು.

ಒಂದು, ಬೆಳಿಗ್ಗೆ ಆರಕ್ಕೊಬ್ಬರು, ಎಂಟಕ್ಕೊಬ್ಬರು, ಹತ್ತಕ್ಕೊಬ್ಬರು ಸ್ನಾನ ಮಾಡುತ್ತಾರೆ. ಅಷ್ಟು ಹೊತ್ತೂ ಸ್ವಿಚ್ ಹಾಕಿಯೇ ಇರುತ್ತದೆ. ಗೀಸರಿನೊಳಗಿನ ನೀರಿನ ಬಿಸಿ ಆರುತ್ತದೆ, ಅದು ಮತ್ತೆ ಕಾಯಿಸುತ್ತದೆ. 15 ಲೀಟರಿನ ಗೀಸರನ್ನು 60 ಡಿಗ್ರಿಗೆ ಕಾಯಿಸಲು 18–20 ನಿಮಿಷ ಹಿಡಿಯುತ್ತದೆ. ತಣ್ಣೀರು ಬೆರೆಸಿದರೆ ಅದರಿಂದ ಎರಡು ಬಕೆಟ್ ಆಗುತ್ತದೆ. ಸ್ವಿಚ್ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಆರಿಸಿ, ಇಬ್ಬರು ಬೆನ್ನುಬೆನ್ನಿಗೆ ಸ್ನಾನ ಮುಗಿಸಿ. ಆಮೇಲೆ ಉಳಿದಿಬ್ಬರಿಗೆ ಇನ್ನೊಂದು ಸಲ.

ಎರಡು, ಬೋರ್‌ವೆಲ್ಲಿನ ಗಡಸು ನೀರು. ಒಳಗಿನ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಬಿಸಿ ನೀರಿಗೆ ಇಳಿಯಲು ತಡವಾಗುತ್ತದೆ, ಕೊನೆಗೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ಕಾಯುವಾಗ ಗೊರಗೊರ ಸದ್ದು ಬರುತ್ತಿದ್ದರೆ ಸುಣ್ಣ ಕೂತಿದೆ ಎಂದೇ ಅರ್ಥ. ಬೋರ್‌ವೆಲ್ ನೀರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ಕಾಯಿಲ್ ತೊಳೆಸಿ, ತೊಟ್ಟಿಯ ಬದಲು ತಾನು ತುಕ್ಕಿಗೆ ಸವೆಯುವ ಆನೋಡ್ ರಾಡ್ ಮುಗಿದಿದೆಯೇ ನೋಡಲು ಹೇಳಿ. ರಾಡ್ ಸವೆದ ಮೇಲೆ ತುಕ್ಕು ಗೀಸರಿನ ಒಳತೊಟ್ಟಿಯನ್ನೇ ತಿನ್ನಲು ಶುರು ಮಾಡುತ್ತದೆ.

ಮೂರನೆಯದು ಷವರ್. ಸಾಮಾನ್ಯ ಷವರ್ ನಿಮಿಷಕ್ಕೆ ಹತ್ತು ಲೀಟರ್ ಸುರಿಸಿದರೆ ಏಳು ನಿಮಿಷದಲ್ಲಿ ನಾಲ್ಕು ಬಕೆಟ್ ಮುಗಿಯುತ್ತದೆ. ಬಕೆಟ್ಟು-ಚೊಂಬಿನ ಸ್ನಾನ ಹಳ್ಳಿಯದೆಂದು ಮೂಗು ಮುರಿಯುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡೂ ಅಷ್ಟೇ ಯೂನಿಟ್ಟಿನಲ್ಲಿ ಅಷ್ಟೇ ನೀರು ಕಾಯಿಸುತ್ತದೆ. ಆದರೆ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು, ಕಬ್ಬಿಣ ಇಲ್ಲವೇ ಸ್ಟೀಲ್ ಬಕೆಟ್ ಕೂಡದು. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಫ್ಯಾನ್, ಫ್ರಿಜ್, ಸೆಟ್‌ಟಾಪ್ ಬಾಕ್ಸ್

ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟರಿನ) ಫ್ಯಾನ್ ಸುಮಾರು 30. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ಟಿನ ಬದಲು 11. ಒಂದು ಫ್ಯಾನಿಗೇ 16 ಯೂನಿಟ್ ಉಳಿತಾಯ, ಗಾಳಿಯೇನೂ ಕಡಿಮೆಯಾಗದು. ಹಾಗೆಂದು ಎಲ್ಲ ಫ್ಯಾನೂ ಒಟ್ಟಿಗೆ ಬದಲಿಸಬೇಡಿ. ಹೆಚ್ಚು ಹೊತ್ತು ತಿರುಗುವ ಮಲಗುವ ಕೋಣೆ, ಹಾಲ್ ಮೊದಲು. ನೆಂಟರ ಕೋಣೆಯ ಫ್ಯಾನು ಹಾಗೇ ಇರಲಿ, ಅದರ ದುಡ್ಡು ಮರಳುವುದಿಲ್ಲ. ಕೂರಿಸುವಾಗ ಒಂದು ತಪ್ಪು ಸಾಮಾನ್ಯ: ಗೋಡೆಯ ಹಳೆಯ ರೆಗ್ಯುಲೇಟರ್ ತೆಗೆಯದೆ ಅದರ ಮೂಲಕವೇ ಸಂಪರ್ಕ ಕೊಡುವುದು. ಫ್ಯಾನಿನೊಳಗಿನ ಸರ್ಕ್ಯೂಟ್ ಕೆಡುವುದು ಹೀಗೆಯೇ. ನೇರ ಸ್ವಿಚ್ಚಿನಿಂದ ಕೊಡಿಸಿ, ವೇಗವನ್ನು ರಿಮೋಟಿನಲ್ಲಿ ಬದಲಿಸಿ.

ಫ್ರಿಜ್ಜಿನ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಬಿಗಿಯಾಗಿ ಕೂತಿಲ್ಲ. ಮೊದಲು ಬೆಚ್ಚಗಿನ ಸೋಪುನೀರಿನಲ್ಲಿ ಒರೆಸಿ. ಬಹಳ ಸಲ ಅಂಟಿದ ಕೊಳೆಯೇ ಕಾರಣ. ಹಿಂಬದಿಗೂ ಗೋಡೆಗೂ ನಾಲ್ಕು ಬೆರಳಿಗಿಂತ ಹೆಚ್ಚು ಜಾಗವಿರಲಿ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಐಸ್ ಅರ್ಧ ಸೆಂಟಿಮೀಟರ್ ಕಟ್ಟಿತೆಂದರೆ ಡಿಫ್ರಾಸ್ಟ್ ಒತ್ತಿ. ಚಾಕುವಿನಿಂದ ಕೆತ್ತಬೇಡಿ, ತೆಳ್ಳನೆಯ ಅಲ್ಯೂಮಿನಿಯಂ ಗೋಡೆಗೆ ತೂತಾದರೆ ಗ್ಯಾಸೆಲ್ಲ ಹೊರಗೆ. ರಾತ್ರಿ ಫ್ರಿಜ್ ಆರಿಸುವ ಅಭ್ಯಾಸದಿಂದ ಸಾರು, ಹಾಲು ಕೆಡುತ್ತದೆಯೇ ಹೊರತು ಹೇಳಿಕೊಳ್ಳುವಂಥ ಉಳಿತಾಯವಿಲ್ಲ.

ಟಿವಿಯನ್ನು ರಿಮೋಟಿನಲ್ಲಿ ಆರಿಸಿದರೂ ಸೆಟ್‌ಟಾಪ್ ಬಾಕ್ಸ್ ಹತ್ತು ವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ ಏಳು ಯೂನಿಟ್. ಗೋಡೆಯ ಸ್ವಿಚ್ ಒತ್ತಿದರೆ ಮುಗಿಯಿತು.

ಎಸಿ ಇರುವವರು 20ಕ್ಕೆ ಇಳಿಸುವ ಬದಲು 25–26ಕ್ಕಿಟ್ಟು ಜೊತೆಗೆ ಫ್ಯಾನ್ ಹಾಕಿ. ಒಂದೊಂದು ಡಿಗ್ರಿ ಏರಿಸಿದಂತೆ ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ. ರಾಯಚೂರು, ಕಲಬುರಗಿಯ ಒಣ ಬಿಸಿಲಿಗೆ ಏರ್ ಕೂಲರ್ ಚೆನ್ನಾಗಿ ಒದಗುತ್ತದೆ. ಮಂಗಳೂರಿನ ಬೆವರಿಗೆ ಅದು ದುಡ್ಡು ದಂಡ.

ಒಲೆಯ ಮುಂದೆ

ಕುಕ್ಕರಿನ ಸಿಳ್ಳೆ ಎಣಿಸುವುದು ನಮ್ಮ ಅಡುಗೆಮನೆಯ ಹಳೆಯ ಚಟ. ಒಳಗಿನ ಒತ್ತಡ ತುಂಬಿದ ಮೇಲೆ ಉರಿ ಎಷ್ಟು ಹೆಚ್ಚಿಸಿದರೂ ಒಳಗಿನ ಬಿಸಿ ಏರುವುದಿಲ್ಲ, ಸಿಳ್ಳೆಯಾಗಿ ಹೊರಬರುವುದಷ್ಟೇ. ತೊಗರಿಬೇಳೆಯನ್ನು ಅರ್ಧ ಗಂಟೆ, ಕಡಲೆಕಾಳನ್ನು ರಾತ್ರಿಯಿಡೀ ನೆನೆಸಿ. ಮೊದಲ ಸಿಳ್ಳೆ ಬಂದ ಕೂಡಲೇ ಉರಿ ಸಿಮ್‌ಗೆ ಇಳಿಸಿ. ನೆನೆದ ಬೇಳೆಗೆ ಎಂಟು ಹತ್ತು ನಿಮಿಷ ಸಾಕು. ಆರಿಸಿದ ಮೇಲೂ ಹತ್ತು ನಿಮಿಷ ಒಳಗೆ ಬೇಯುತ್ತಿರುತ್ತದೆ. ನಲ್ಲಿಯ ಕೆಳಗೆ ಹಿಡಿದು ಆರಿಸಿದರೆ ಆ ಬಿಸಿ ನೀರುಪಾಲು. ಹಬೆ ಸಿಳ್ಳೆಯ ಬದಲು ಮುಚ್ಚಳದ ಅಂಚಿನಿಂದ ಬರುತ್ತಿದ್ದರೆ ಗ್ಯಾಸ್ಕೆಟ್ ಬದಲಿಸಿ. ಅನ್ನ, ಬೇಳೆ, ಪಲ್ಯದ ತರಕಾರಿ ಒಂದರ ಮೇಲೊಂದು ಪಾತ್ರೆಯಲ್ಲಿಟ್ಟರೆ ಮೂರಕ್ಕೂ ಒಂದೇ ಉರಿ.

ಉರಿ ಹಳದಿಯಾಗಿದ್ದರೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಬರ್ನರನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ತೂತುಗಳನ್ನು ಸೂಜಿಯಿಂದ ಬಿಡಿಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಉರಿ ಪಾತ್ರೆಯ ಅಂಚು ದಾಟಿ ಮೇಲೆ ನೆಕ್ಕಬಾರದು. ಚಿಕ್ಕ ಪಾತ್ರೆಗೆ ಚಿಕ್ಕ ಬರ್ನರ್.

ಇಂಡಕ್ಷನ್ ಒಲೆ ಅಗ್ಗವೇ? ಲೆಕ್ಕ ಹಾಕೋಣ. 14.2 ಕಿಲೋ ಗ್ಯಾಸಿನ ಶಾಖ ಸುಮಾರು 180 ಯೂನಿಟ್ಟಿಗೆ ಸಮ. ಅದರಲ್ಲಿ ಪಾತ್ರೆಗೆ ತಲುಪುವುದು ಸುಮಾರು ಶೇ 65. ಇಂಡಕ್ಷನ್ನಿನಲ್ಲೂ ಒಂದಿಷ್ಟು ಶಾಖ ನಷ್ಟವಾಗುವುದರಿಂದ ಅಷ್ಟೇ ಅಡುಗೆಗೆ ಸುಮಾರು 140 ಯೂನಿಟ್ ಬೇಕು, ಅಂದರೆ ಸುಮಾರು ₹940. ಸಿಲಿಂಡರ್ ₹850 ಎಂದು ಹಿಡಿದರೆ ಗ್ಯಾಸೇ ಒಂದು ಕೈ ಮೇಲು. ಆದರೆ ನಿಮಗೆ 165 ಯೂನಿಟ್ ಉಚಿತವಿದ್ದು 130 ಮಾತ್ರ ಬಳಸುತ್ತಿದ್ದರೆ ಉಳಿದ 35 ಯೂನಿಟ್ ಮುಂದಿನ ತಿಂಗಳಿಗೆ ಜಮೆಯಾಗದು. ಅದರಲ್ಲಿ ಇಂಡಕ್ಷನ್ನಿನ ಮೇಲೆ ನೀರು, ಹಾಲು ಕಾಯಿಸಿಕೊಂಡರೆ ಕಾಲು ಸಿಲಿಂಡರ್ ಉಳಿಯಿತು. 190ರ ಆಸುಪಾಸಿನಲ್ಲಿರುವ ಮನೆಗೆ ಇದೇ ಇಂಡಕ್ಷನ್ ದುಬಾರಿ ಒಲೆ.

ಸಿಲಿಂಡರ್ ಮನೆಗೆ ಬಂದಾಗ ತೂಗಿಸಿಕೊಳ್ಳಲು ಸಂಕೋಚ ಬೇಡ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ. ಅದು 15.3 ಕಿಲೋ ಇದ್ದರೆ ಒಟ್ಟು ತೂಕ 29.5 ಇರಬೇಕು.

ದಿನಸಿ

ಎಣ್ಣೆಯ ಪ್ಯಾಕೆಟ್ಟಿನಲ್ಲಿ ಬೆಲೆಗಿಂತ ಮೊದಲು ಗ್ರಾಂ ನೋಡಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ 910 ಗ್ರಾಂ ತೂಗುತ್ತದೆ. ಅದೇ ಗಾತ್ರದ್ದೆಂದು ಕಾಣುವ ಪ್ಯಾಕೆಟ್ಟುಗಳಲ್ಲಿ 850 ಗ್ರಾಮೋ ಇನ್ನೂ ಕಡಿಮೆಯೋ ಇರುವುದುಂಟು. ಹತ್ತು ರೂಪಾಯಿ ಅಗ್ಗವೆಂದು ತಂದದ್ದು ಗ್ರಾಂ ಲೆಕ್ಕದಲ್ಲಿ ದುಬಾರಿಯಾಗಿರುತ್ತದೆ.

ತೊಗರಿಯ ಹೊಸ ಬೆಳೆ ಮಾರುಕಟ್ಟೆಗೆ ಬರುವುದು ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ, ಬ್ಯಾಡಗಿ ಮೆಣಸಿನಕಾಯಿಯೂ ಹೆಚ್ಚುಕಡಿಮೆ ಆಗಲೇ, ಹುಣಸೆ ಅದರ ಹಿಂದೆ. ಆರು ತಿಂಗಳಿಗಾಗುವಷ್ಟು ಕೊಳ್ಳುವುದಾದರೆ ಬೇಸಿಗೆಗೆ ಮುನ್ನವೇ ಕೊಳ್ಳಿ, ಒಣಗಿಸಲು ಬಿಸಿಲೂ ಸಿಗುತ್ತದೆ. ಬೇಳೆಗೆ ಎರಡು ದಿನ ಬಿಸಿಲು ತೋರಿಸಿ, ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಿ, ಗಾಳಿಯಾಡದ ಡಬ್ಬದಲ್ಲಿ ತುಂಬಿ; ಹುಳು ಹತ್ತಿರ ಸುಳಿಯದು. ಬಿಸಿಲಿನಿಂದ ತಂದ ಬೇಳೆಯನ್ನು ಮಾತ್ರ ಬಿಸಿ ಆರುವವರೆಗೆ ಹರಡಿಡಿ. ಬೆಚ್ಚಗಿದ್ದಾಗಲೇ ಮುಚ್ಚಿದರೆ ಡಬ್ಬದೊಳಗೆ ಬೆವರೊಡೆದು, ಮಳೆಗಾಲ ಬರುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.