ಸಿಸ್ಟಿಕೋಲಾ ಗುರುತಿಸಲು ಪುಸ್ತಕ ಮುಚ್ಚಿಟ್ಟೆ

ಆಫ್ರಿಕಾದಲ್ಲಿ ಹಕ್ಕಿ ನೋಡುವವರನ್ನು ಸಿಸ್ಟಿಕೋಲಾದಷ್ಟು ಗೋಳು ಹೊಯ್ದುಕೊಳ್ಳುವ ಹಕ್ಕಿ ಇನ್ನೊಂದಿಲ್ಲ ಅನ್ನಿಸುತ್ತದೆ. ಹುಳಹುಪ್ಪಟೆ ತಿಂದುಕೊಂಡಿರುವ ಪುಟ್ಟ ಕಂದು ಹಕ್ಕಿ. ಸುಮಾರು 50 ಜಾತಿಗಳಿವೆ, ಹೆಚ್ಚುಕಮ್ಮಿ ಎಲ್ಲವೂ ಆಫ್ರಿಕಾದವೇ. ಬೆನ್ನ ಮೇಲೆ ಗೆರೆ, ತಲೆ ಕೆಂಗಂದು, ಅಷ್ಟೇ. ಪುಸ್ತಕದ ಚಿತ್ರ ನೋಡಿ ಹೇಳುತ್ತೇನೆ ಅಂದರೆ ಆಗುವ ಮಾತಲ್ಲ.

ನೈರೋಬಿಯಲ್ಲಿ ಕೆಲಸಕ್ಕಿದ್ದಾಗ ರಜೆ ಸಿಕ್ಕರೆ ಊರಿಗೆ ಅಂಟಿಕೊಂಡೇ ಇರುವ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಿದ್ದೆ. ಅಲ್ಲಿ ನಾನು ಮೊದಲು ನೋಡುತ್ತಿದ್ದದ್ದು ಹಕ್ಕಿಯನ್ನಲ್ಲ, ಜಾಗವನ್ನು. ಒಣ ಮುಳ್ಳುಪೊದೆಯ ತುದಿಯಲ್ಲಿ ಕೂತಿದ್ದರೆ ರ‍್ಯಾಟ್ಲಿಂಗ್ ಸಿಸ್ಟಿಕೋಲಾ ಇರಬಹುದು. ನೀರಿನಂಚಿನ ಜೊಂಡಿನಲ್ಲಿದ್ದರೆ ವೈಂಡಿಂಗ್. ಬಯಲು ಹುಲ್ಲಿನ ಮೇಲೆ ಏರುತ್ತಾ ಇಳಿಯುತ್ತಾ 'ಜಿಟ್ ಜಿಟ್' ಅನ್ನುತ್ತಾ ಹಾರಿದರೆ ಜಿಟ್ಟಿಂಗ್. ಇದು ನಮ್ಮ ಹೆಸರಘಟ್ಟದ ಹುಲ್ಲುಗಾವಲಿನಲ್ಲೂ ಇದೆ, ಹಾಗಾಗಿ ನನಗೆ ಹಳೇ ಪರಿಚಯ.

ಆಮೇಲೆ ಕಿವಿಯ ಕೆಲಸ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೇಳಿದ್ದನ್ನು ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ರ‍್ಯಾಟ್ಲಿಂಗ್‌ನದು 'ಚೀ ಚೀ ಚೀ' ಅಂತ ಬೈದ ಹಾಗೆ ಮೂರು ನಾಲ್ಕು ಒರಟು ಸ್ವರ, ಹಿಂದೆಯೇ 'ಚರ‍್ರ್ರ್' ಅನ್ನುವ ಗಡಗಡ ಸದ್ದು. ವೈಂಡಿಂಗ್‌ನದು ಹಳೇ ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಒಂದೇ ಎಳೆತ. ಇಷ್ಟು ಬರೆದ ಮೇಲಷ್ಟೇ ಪುಸ್ತಕ ತೆರೆಯುತ್ತಿದ್ದದ್ದು. ಮೊದಲೇ ತೆರೆದರೆ ಚಿತ್ರದಲ್ಲಿ ಇದ್ದದ್ದೇ ಕಣ್ಣಿಗೂ ಕಾಣತೊಡಗುತ್ತದೆ, ಅಲ್ವಾ?

ದುರ್ಬೀನಿನಲ್ಲಿ ಹತ್ತಿರಕ್ಕೆ ಸಿಕ್ಕಾಗ ಇನ್ನೊಂದು ಗಮನಿಸಿದೆ. ಹಾಡುವ ಗಂಡು ರ‍್ಯಾಟ್ಲಿಂಗ್ ಕೊಕ್ಕು ಅಗಲಿಸಿದರೆ ಬಾಯೊಳಗೆಲ್ಲ ಮಸಿ ಬಳಿದಷ್ಟು ಕಪ್ಪು. ನೋಡೋಕೆ ಮಜಾ. ಆದರೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ, ಬೇರೆ ಕೆಲವು ಸಿಸ್ಟಿಕೋಲಾಗಳಲ್ಲೂ ಮರಿ ಮಾಡುವ ಕಾಲಕ್ಕೆ ಗಂಡಿನ ಬಾಯಿ ಹೀಗೇ ಇರುತ್ತದೆ. ವೈಂಡಿಂಗ್ ಆದರೆ ರೆಕ್ಕೆಯಲ್ಲಿ ಕೆಂಗಂದಿನ ಪಟ್ಟಿ ಎದ್ದು ಕಾಣುತ್ತದೆ, ಬೆನ್ನಿನ ಕಪ್ಪು ಗೆರೆಗಳೂ ಢಾಳಾಗಿರುತ್ತವೆ.

ಕಲಿಯುವವರು ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಗಾಲದಲ್ಲೇ ಹೋಗಿ, ಆಗ ಹಾಡು ಜಾಸ್ತಿ. ಬೇರೆ ತಿಂಗಳಲ್ಲಿ ಸುಮ್ನೆ ಕೂತ ಹಕ್ಕಿ ಸಿಕ್ಕರೆ ನಾನಂತೂ 'ಯಾವುದೋ ಸಿಸ್ಟಿಕೋಲಾ' ಅಂತ ಬರೆದು ಮುಂದೆ ಹೋಗುತ್ತಿದ್ದೆ.